ಕಲ್ವ ಕೊಯ್ದ ಕಾಲು

ಮೂರು ದಿನದಿಂದ ಕುಂಟುತ್ತಿದ್ದೇನೆ. ಆಫೀಸಿನಲ್ಲಿ ಕೇಳಿದವರಿಗೆಲ್ಲ ‘ಕಲ್ವ ಕೊಯ್ತು’ ಅಂದೆ. ಹಾಗಂದ್ರೇನು ಅಂತ ಯಾರೂ ಕೇಳಲಿಲ್ಲ. ಯಾವುದೋ ಕಾಯಿಲೆ ಅಂದುಕೊಂಡಿರಬೇಕು. ಕಲ್ವ ಅಂದ್ರೆ ಆಯ್ಸ್ಟರ್, ನೀರಿನಲ್ಲಿ ಕಲ್ಲಿಗೆ ಅಂಟಿಕೊಂಡು ಬೆಳೆಯುವ ಚಿಪ್ಪಿನ ಜೀವಿ.

ಊರಿಗೆ ಹೋದವನು ಅಘನಾಶಿನಿ ಅಳಿವೆಯಲ್ಲಿ, ಇಳಿತದ ಹೊತ್ತು, ಸುಮ್ನೆ ನೀರಿಗಿಳಿದಿದ್ದೆ. ಕಲ್ಲು ಅಂತ ಕಾಲಿಟ್ಟದ್ದು ಕಲ್ವಗಳ ಕೇರಿಯ ಮೇಲೆ. ಹಿಮ್ಮಡಿ ಸೀಳಿತು. ಅಲ್ಲೇ ಬಳಚು ಎಂಬ ತಿನ್ನುವ ಚಿಪ್ಪು ಹೆಕ್ಕುತ್ತಿದ್ದ ಹೆಂಗಸೊಬ್ಬರು ತಲೆಯೆತ್ತಿ, “ಚಪ್ಪಲಿ ಬಿಟ್ಟು ಯಾರಾದ್ರೂ ಇಳೀತಾರಾ ತಮಾ?” ಅಂದು ಮತ್ತೆ ಹೆಕ್ಕತೊಡಗಿದರು.

ಸಿಟ್ಟು ಬಂತು. ಇಷ್ಟು ದೊಡ್ಡ ಹೊಳೆಯಲ್ಲಿ ಇಲ್ಲೇ ಅಂಟಿಕೊಳ್ಳಬೇಕಿತ್ತಾ?

ಬೇಕಿತ್ತಂತೆ. ತಾಯಿ ಕಲ್ವ ಲಕ್ಷಗಟ್ಟಲೆ ಮೊಟ್ಟೆ ನೀರಿಗೆ ಬಿಟ್ಟು ಕೈತೊಳೆದುಕೊಳ್ಳುತ್ತದೆ. ತಂದೆಯದೂ ಅದೇ ಕಥೆ. (ಆ ತಾಯಿಯೂ ಚಿಕ್ಕಂದಿನಲ್ಲಿ ಗಂಡೇ ಆಗಿದ್ದಿರಬಹುದು. ಕಲ್ವಗಳಲ್ಲಿ ಅದು ಮಾಮೂಲಿ.) ಒಂದು ದಿನ ಕಳೆಯುವಷ್ಟರಲ್ಲಿ ಮರಿ ಎರಡು ಪುಟಾಣಿ ಚಿಪ್ಪು ಹೊದ್ದು ಈಜುತ್ತಿರುತ್ತದೆ. ಎರಡು ಮೂರು ವಾರ ಅಲೆದಾಟ. ಆಮೇಲೆ ಒಂದು ಕಾಲು ಮೂಡುತ್ತದೆ, ಕಣ್ಣಿನ ಚುಕ್ಕೆ ಮೂಡುತ್ತದೆ. ಮೈಯೆಲ್ಲ ಸೇರಿದರೂ ಮಿಲಿಮೀಟರಿನ ಮೂರನೇ ಒಂದು ಪಾಲು. ಆ ಕಾಲಿನಿಂದ ನೆಲ ತಡವುತ್ತದೆ. ಒಗ್ಗದಿದ್ದರೆ ಎದ್ದು ಮುಂದೆ ಹೋಗುತ್ತದೆ. ತನ್ನ ಜಾತಿಯ ಚಿಪ್ಪಿನ ವಾಸನೆ ಸಿಕ್ಕರೆ ಮಾತ್ರ ಅದಕ್ಕೆ ಬಹಳ ಸಮಾಧಾನ. ಕಲ್ವ ಸಾಕುವವರು ಮರಿ ಹಿಡಿಯಲು ಖಾಲಿ ಚಿಪ್ಪುಗಳನ್ನೇ ಪೋಣಿಸಿ ನೀರಿಗೆ ಇಳಿಬಿಡುವುದು ಅದಕ್ಕೇ.

ಜಾತಿ, ವಾಸನೆ ಅಂದಕೂಡಲೇ ನನಗೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ್ದು ನೆನಪಾಗುತ್ತದೆ. ಒಟ್ಟು 14 ಮನೆ ನೋಡಿದೆ. ಮೊದಲನೆಯದರಲ್ಲಿ ನೀರಿಲ್ಲ. ನಾಲ್ಕನೆಯದರ ಅಡುಗೆಮನೆಯಲ್ಲಿ ನಾನು ನಿಂತರೆ ಫ್ರಿಜ್ಜು ಹೊರಗೆ. ಒಂಬತ್ತನೆಯ ಮನೆಯವರು ಕಾಫಿ ಕೊಟ್ಟು, ನನ್ನ ಊರು, ತಂದೆಯ ಕೆಲಸ, ತಾಯಿಯ ತವರು ಎಲ್ಲ ಕೇಳಿ, ಕೊನೆಗೆ “ನೀವು ಯಾವ ಪೈಕಿ?” ಅಂದರು. ಹೇಳಿದೆ. ಕಾಫಿ ಲೋಟ ತಕ್ಷಣ ಒಳಗೆ ಹೋಯಿತು, ಅರ್ಧ ಕಾಫಿ ಅದರಲ್ಲೇ ಇತ್ತು! ಇವತ್ತಿಗೂ ಆ ಅರ್ಧ ಲೋಟ ನನ್ನನ್ನು ಉರಿಸುತ್ತದೆ. ಹನ್ನೊಂದನೆಯವರು ಇನ್ನೂ ನೇರ. “ಮೀನು ಗೀನು ಬೇಯಿಸಿದ್ರೆ ಮೆಟ್ಟಿಲವರೆಗೂ ಬರುತ್ತೆ ನೋಡಿ” ಅಂದರು. ನಾನಿನ್ನೂ ಚಪ್ಪಲಿಯನ್ನೇ ಬಿಚ್ಚಿರಲಿಲ್ಲ. ಹದಿನಾಲ್ಕನೆಯ ಮನೆಗೆ ಹೋಗುವಾಗ ಬುದ್ಧಿ ಬಂದಿತ್ತು. “ಪ್ಯೂರ್ ವೆಜ್ ಅಂಕಲ್” ಅಂದೆ. ಹತ್ತು ತಿಂಗಳ ಅಡ್ವಾನ್ಸು ತೆಗೆದುಕೊಂಡು ಬೀಗದ ಕೈ ಕೊಟ್ಟರು.

ಕಲ್ವಕ್ಕೆ ಅಡ್ವಾನ್ಸು ಇಲ್ಲ, 11 ತಿಂಗಳ ಅಗ್ರಿಮೆಂಟೂ ಇಲ್ಲ. ಜಾಗ ಒಪ್ಪಿಗೆಯಾದರೆ ಒಂದು ತೊಟ್ಟು ಅಂಟು ಸುರಿಸಿ ಎಡಗಡೆಯ ಚಿಪ್ಪನ್ನು ಊರಿತು ಅಂದರೆ ಮುಗಿಯಿತು. ಆಮೇಲೆ ಕೆಲವೇ ದಿನಗಳಲ್ಲಿ ಆ ಕಾಲು ಕರಗಿ ಹೋಗುತ್ತದೆ. ಕಣ್ಣೂ ಅಷ್ಟೆ. ಮನೆಯಾಯಿತಲ್ಲ, ಇನ್ನು ಅವೆಲ್ಲ ಯಾಕೆ ಅಂತಲೋ ಏನೋ.

ನಿನ್ನೆ ಮೆಟ್ಟಿಲಲ್ಲಿ ಓನರ್ ಸಿಕ್ಕಿದರು. ಬ್ಯಾಂಡೇಜು ನೋಡಿ, “ಏನಾಯ್ತಪ್ಪ ಕಾಲಿಗೆ?” ಅಂದರು.

ಕಲ್ವ ಅನ್ನಲು ಬಾಯಿ ತೆರೆದೆ. ಹಿಂದೆಯೇ ಅದು ತಿನ್ನೋದಾ ಅಂತ ಕೇಳುತ್ತಾರೆ.

“ಗಾಜು ಅಂಕಲ್.”

“ನೋಡ್ಕೊಂಡು ಕಾಲಿಡ್ಬೇಕಪ್ಪ” ಅಂದರು.