ಕೋಡಿಯಿಲ್ಲದ ಊರಿನಲ್ಲಿ ಒಂದೂವರೆ ದಿನ

ಕೋಲಾರದ ಕಡೆಯವರಿಗೆ ನೀರು ಕಂಡರೆ ಕಾಲು ತಾನಾಗಿ ನಿಲ್ಲುತ್ತದೆ. ರಸ್ತೆ ಪಕ್ಕದ ಕೆರೆಯಲ್ಲಿ ನಾಲ್ಕು ಬಿಂದಿಗೆಯಷ್ಟು ನೀರು ಮಿಂಚಿದರೂ ಸಾಕು, ಬಸ್ಸಿನೊಳಗಿನ ಅಷ್ಟೂ ತಲೆಗಳು ಆ ಕಡೆಯ ಕಿಟಕಿಗೆ ತಿರುಗುತ್ತವೆ. ಅಂಥವನೊಬ್ಬನನ್ನು ಒಯ್ದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬಿಟ್ಟರೆ ಏನಾಗಬೇಕೋ ನನಗೂ ಅದೇ ಆಯಿತು. ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಕೆಲಸದಲ್ಲಿರುವ ಮಗಳು ಒಂದು ಶನಿವಾರ ರೈಲು ಹತ್ತಿಸಿ ಕರೆದುಕೊಂಡು ಹೋದಳು. ಮೊದಲ ಸೇತುವೆಯ ಮೇಲೇ ನಾನು ನಿಂತುಬಿಟ್ಟೆ. “ಅಪ್ಪಾ, ನಡಿ. ಇಂಥ ಸೇತುವೆಗಳು ಈ ಊರಿನಲ್ಲಿ ಸಾವಿರಕ್ಕೂ ಹೆಚ್ಚಿವೆ. ಒಂದೊಂದರಲ್ಲೂ ನಿಂತರೆ ವೀಸಾ ಮುಗಿಯುತ್ತದೆ” ಎಂದಳು.

ಊರಿನ ಹೆಸರನ್ನು ಬಿಡಿಸಿ ನೋಡಿದಾಗಲೇ ನನಗೆ ಸಲಿಗೆ ಹುಟ್ಟಿತು. ಆಮ್‌ಸ್ಟೆಲ್ ಎಂಬ ಹೊಳೆಗೆ ಅಡ್ಡಲಾಗಿ ಕಟ್ಟೆ ಹಾಕಿದ ಜಾಗ, ಅದಕ್ಕೇ ಆ ಹೆಸರು. ಹಾಗಾದರೆ ಇದು ಆಮ್‌ಸ್ಟೆಲ್‌ಕಟ್ಟೆ. ನಮ್ಮ ತಾಲ್ಲೂಕಿನ ಬಸ್ಸಿನ ಬೋರ್ಡಿನ ಮೇಲೆ ಬರೆದರೂ ಯಾರೂ ಹುಬ್ಬೇರಿಸುವುದಿಲ್ಲ. 1613ರಲ್ಲಿ ಅಗೆಯಲು ಶುರು ಮಾಡಿದ ಅಲ್ಲಿನ ದೊಡ್ಡ ಕಾಲುವೆಗಳು ಮೂರು: ಹೆರೆನ್‌ಗ್ರಾಖ್ಟ್, ಕೈಜರ್ಸ್‌ಗ್ರಾಖ್ಟ್, ಪ್ರಿನ್ಸೆನ್‌ಗ್ರಾಖ್ಟ್. ಈ ‘ಗ್ರಾಖ್ಟ್’ ಹೇಳಲು ಗಂಟಲಲ್ಲಿ ಸ್ವಲ್ಪ ಕಫ ಇರಬೇಕು. ಅರ್ಥ ಕೇಳಿದರೆ ಯಜಮಾನರ ಕಾಲುವೆ, ಚಕ್ರವರ್ತಿಯ ಕಾಲುವೆ, ರಾಜಕುಮಾರನ ಕಾಲುವೆ. ನಮ್ಮಲ್ಲೂ ಇದೆಯಲ್ಲ, ರಾಜಕಾಲುವೆ! ಒಂದು ಕೆರೆ ತುಂಬಿದಾಗ ಹೆಚ್ಚಿನ ನೀರನ್ನು ಮುಂದಿನ ಕೆರೆಗೆ ಒಯ್ಯುತ್ತಿದ್ದದ್ದು. ಅವರ ಕಾಲುವೆಗಳನ್ನು 2010ರಲ್ಲಿ ಯುನೆಸ್ಕೊದವರು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ನಮ್ಮ ರಾಜಕಾಲುವೆಯನ್ನು ಬಡಾವಣೆಯ ನಕ್ಷೆಗೆ ಸೇರಿಸಿಕೊಂಡಿದ್ದಾರೆ; ಮೂವತ್ತು ನಲವತ್ತರ ಸೈಟು, ಪೂರ್ವ ದಿಕ್ಕಿನದಾದರೆ ಬೆಲೆ ಸ್ವಲ್ಪ ಹೆಚ್ಚು.

ಕಾಲುವೆಯ ದಂಡೆಯ ಮನೆಗಳು ಕಿರಿದು, ಎತ್ತರ, ಮದುವೆ ಫೋಟೊಕ್ಕೆ ಒತ್ತಾಗಿ ನಿಂತ ನೆಂಟರ ಹಾಗೆ. ಕೆಲವು ಮುಂದಕ್ಕೆ ಬಾಗಿವೆ. ಬೀಳುತ್ತವೇನೋ ಎಂದು ನಾನು ರಸ್ತೆಯ ಆ ಬದಿಗೆ ಸರಿದೆ. ಹಲವನ್ನು ಬೇಕೆಂದೇ ಹಾಗೆ ಕಟ್ಟಿದ್ದಂತೆ. ತುದಿಯಲ್ಲಿ ಚಾಚಿಕೊಂಡ ತೊಲೆ, ಅದಕ್ಕೊಂದು ಕೊಕ್ಕೆ. ಹಗ್ಗ ಹಾಕಿ ದೋಣಿಯಿಂದ ಮೂಟೆ ಎಳೆಯುವಾಗ ಗೋಡೆಗೆ ತಾಗಬಾರದಲ್ಲ. ಒಳಗಿನ ಮೆಟ್ಟಿಲು ಏಣಿಯಷ್ಟು ಕಡಿದು, ಆದ್ದರಿಂದ ಇವತ್ತಿಗೂ ಬೀರು ಮಂಚಗಳು ಕಿಟಕಿಯಿಂದಲೇ ಒಳಗೆ ಹೋಗುತ್ತವೆ. ನಮ್ಮ ಹಿತ್ತಲ ಬಾವಿಯ ರಾಟೆ ನೆನಪಾಯಿತು. ಬಾವಿ ಬತ್ತಿ ಮೂವತ್ತು ವರ್ಷವಾಯಿತು, ರಾಟೆ ಮಾತ್ರ ಇನ್ನೂ ಇದೆ. ಅದಕ್ಕೆ ಈಗ ಬಟ್ಟೆ ಒಣಹಾಕುವ ತಂತಿ ಕಟ್ಟಿದ್ದೇವೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಣ್ಣಿಗೆ ಕಾಣದ ಸಂಗತಿ. ಊರಿಗೆ ಊರೇ ಕೆಸರಿನ ಮೇಲೆ ಕೂತಿದೆ. ಗಟ್ಟಿ ಮರಳು ಸಿಗಬೇಕಾದರೆ ಸುಮಾರು 40 ಅಡಿ ಕೆಳಗಿಳಿಯಬೇಕು. ಅಲ್ಲಿಯವರೆಗೆ ಮರದ ಕಂಬಗಳನ್ನು ಬಡಿದು, ಅವುಗಳ ತಲೆಯ ಮೇಲೆ ಮನೆ ಕಟ್ಟಿದ್ದಾರೆ. ಡ್ಯಾಮ್ ಚೌಕದ ಅರಮನೆಯೊಂದರ ಅಡಿಯಲ್ಲೇ 13,659 ಕಂಬಗಳು. ನೀರಿನಲ್ಲಿ ಮರ ಕೊಳೆಯುವುದಿಲ್ಲವೇ ಎಂದರೆ, ಪೂರ್ತಿ ಮುಳುಗಿದ್ದರೆ ಗಾಳಿ ತಾಗದೆ ಶತಮಾನಗಟ್ಟಲೆ ಬಾಳುತ್ತದೆ. ನೀರು ಕೆಳಗಿಳಿದು ತಲೆ ಒಣಗಿತೋ, ಕೊಳೆಯಲು ಶುರು. ಅಂದರೆ ನೀರು ಹೆಚ್ಚಾದರೆ ಊರು ಮುಳುಗುತ್ತದೆ, ಕಡಿಮೆಯಾದರೆ ಕುಸಿಯುತ್ತದೆ. ಅವರು ನೆಲ ಹುಡುಕಿಕೊಂಡು 40 ಅಡಿ ಇಳಿದರು. ನಾವು ನೀರು ಹುಡುಕಿಕೊಂಡು 1,500 ಅಡಿ ಇಳಿದು, ಧೂಳು ಹಾರಿಸಿ, ಲಾರಿಯವನಿಗೆ ಅಡಿ ಲೆಕ್ಕದಲ್ಲಿ ದುಡ್ಡು ಕೊಟ್ಟು ಕಳುಹಿಸುತ್ತೇವೆ.

ಇಷ್ಟು ನಾಜೂಕಿನ ನೀರನ್ನು ಕಾಯುವವರು ಯಾರು? ಮಗಳಿಗೂ ಗೊತ್ತಿರಲಿಲ್ಲ, ಮೊಬೈಲ್ ತೆಗೆದಳು. ಆ ದೇಶದಲ್ಲಿ ನೀರಿಗೆಂದೇ ಬೇರೆ ಮಂಡಳಿಗಳಿವೆ, ಒಟ್ಟು 21. ಬೇರು 13ನೆಯ ಶತಮಾನದ್ದು. ಅವಕ್ಕೆ ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ, ಅವುಗಳದೇ ತೆರಿಗೆ. ಕಾಲುವೆಯ ನೀರು ಕೆಡಬಾರದೆಂದು ರಾತ್ರಿ ಹೊತ್ತು ಬಾಗಿಲುಗಳನ್ನು ಮುಚ್ಚಿ, ಹೊಸ ನೀರು ಹಾಯಿಸಿ ತೊಳೆಯುವುದೂ ಉಂಟು.

ರಾತ್ರಿ ಎಂದ ಕೂಡಲೇ ನಮ್ಮೂರಿನ ನೀರುಗಂಟಿ ತಾತ ಕಣ್ಣೆದುರಿಗೆ ಬಂದ. ಲಾಟೀನು, ಹೆಗಲ ಮೇಲೆ ಸನಿಕೆ, ಕಂಬಳಿ. ಕೆರೆಯ ತೂಬು ಎತ್ತುವುದು ಇಳಿಸುವುದು ಅವನೊಬ್ಬನ ಕೆಲಸ. ಜಮೀನ್ದಾರನಾದರೂ ತೂಬಿಗೆ ಕೈ ಹಾಕುವಂತಿರಲಿಲ್ಲ. ನೀರು ಕಡಿಮೆಯಾದ ವರ್ಷ ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ಅವನೇ ಹೇಳುತ್ತಿದ್ದ, ಊರು ಕೇಳುತ್ತಿತ್ತು. ಹಾಗೆಂದು ಊರು ಅವನನ್ನು ಜಗುಲಿಯ ಮೇಲೆ ಕೂರಿಸಿತು ಎಂದೇನೂ ಅಲ್ಲ; ಸುಗ್ಗಿಯಲ್ಲಿ ಕಣದ ಅಂಚಿನಲ್ಲೇ ನಿಲ್ಲಿಸಿ ಆಯದ ಕಾಳು ಅಳೆದು ಹಾಕುತ್ತಿದ್ದರು. ಕೊಳವೆಬಾವಿಗಳು ಬಂದ ಮೇಲೆ ಪ್ರತಿಯೊಬ್ಬನೂ ತನ್ನ ಹೊಲಕ್ಕೆ ತಾನೇ ನೀರುಗಂಟಿಯಾದ. ತಾತನ ಮಗ ನರಸಾಪುರದ ಕಡೆ ಸೆಕ್ಯುರಿಟಿ ಕೆಲಸಕ್ಕೆ ಹೋದ. ಅಲ್ಲಿಯೂ ಬಾಗಿಲು ಕಾಯುವುದೇ.

ಎರಡನೆಯ ದಿನ ಬೆಳಿಗ್ಗೆ ದೋಣಿ ಹತ್ತಿದೆವು. ಕಿವಿಗೆ ಹಾಕಿಕೊಳ್ಳುವ ಯಂತ್ರದಲ್ಲಿ ಹತ್ತಾರು ಭಾಷೆ, ಕನ್ನಡವಿಲ್ಲ. ವ್ಯಾಪಾರಿಗಳ ಸಿರಿವಂತಿಕೆಯ ಕಥೆ ಅದರಲ್ಲಿ ಉದ್ದವಾಗಿತ್ತು. ನಾನು ಯಂತ್ರ ತೆಗೆದಿಟ್ಟು ನೀರು ನೋಡಿದೆ. ಕಾಲುವೆಯ ಆಳ ಮೂರು ಮೀಟರ್, ಅದರಲ್ಲಿ ಒಂದು ಮೀಟರ್ ಕೆಸರು, ಒಂದು ಮೀಟರ್ ಸೈಕಲ್, ಒಂದು ಮೀಟರ್ ನೀರು ಎಂದು ಆ ಊರಿನವರೇ ಹಾಸ್ಯ ಮಾಡುತ್ತಾರೆ. ಹಾಸ್ಯವೇನೂ ಪೂರ್ತಿ ಸುಳ್ಳಲ್ಲ. ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸೈಕಲ್‌ಗಳನ್ನು ಎತ್ತಿ ತೆಗೆಯುತ್ತಾರೆ. ಇದನ್ನು ಕೇಳಿ ನನಗೆ ಬಹಳ ಸಮಾಧಾನವಾಯಿತು. ಜಾಲಿಮುಳ್ಳು, ಗಣಪತಿಯ ತಗಡಿನ ಕಿರೀಟ, ಕೋಳಿಯ ಪುಕ್ಕದ ಮೂಟೆ ತುಂಬಿದ ನಮ್ಮ ಕೆರೆಗಳ ಮಾನ ಅಷ್ಟರಮಟ್ಟಿಗೆ ಉಳಿಯಿತು.

ಊರಿಗೆ ಬಂದ ಮೇಲೆ ಫೋಟೊಗಳನ್ನು ಅಮ್ಮನಿಗೆ ತೋರಿಸಿದೆ. ಅಮ್ಮನಿಗೆ ಎಂಬತ್ತಾರು. ಮನೆಗಳನ್ನು, ಹೂವಿನ ಕುಂಡಗಳನ್ನು, ಮೊಮ್ಮಗಳ ಕೋಟನ್ನು ಬೇಗ ಬೇಗ ದಾಟಿಸಿ ನೀರಿದ್ದ ಚಿತ್ರಕ್ಕೆ ಬಂದು ನಿಂತಳು.

“ಇಷ್ಟು ನೀರಿಟ್ಟುಕೊಂಡು ಏನು ಬೆಳೆಯುತ್ತಾರೆ?”

“ಏನೂ ಬೆಳೆಯುವುದಿಲ್ಲಮ್ಮ, ದೋಣಿ ಬಿಡುತ್ತಾರೆ.”

ಅದು ಅಮ್ಮನಿಗೆ ಹಿಡಿಸಲಿಲ್ಲ. ಬೆಂಗಳೂರಿನವರು ಮಿಂದು ತೊಳೆದ ನೀರನ್ನು ಶುದ್ಧಮಾಡಿ 2018ರಿಂದ ಪೈಪಿನಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ಮೊದಲು ಲಕ್ಷ್ಮೀಸಾಗರದ ಕೆರೆಗೆ ಬಂದಾಗ ಜನ ದಂಡೆಯ ಮೇಲೆ ನಿಂತು ನೋಡಿದ್ದರು. ಸಾಗರ, ಸಮುದ್ರ, ಅಂಬುಧಿ ಎಂದು ಕೆರೆಗಳಿಗೆ ಹೆಸರಿಟ್ಟು ಕಾದ ಸೀಮೆ ಇದು. ಅಮ್ಮ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ಮತ್ತೆ ಕೇಳಿದಳು.

“ಕೋಡಿ ಎಲ್ಲಿದೆ?”

“ಕೋಡಿ ಇಲ್ಲ. ಕಾಲುವೆಯ ನೀರೇ ಸಮುದ್ರಕ್ಕಿಂತ ತಗ್ಗಿನಲ್ಲಿದೆ, ಸಮುದ್ರ ಇಳಿದ ಹೊತ್ತು ಬಿಟ್ಟರೆ ತಾನಾಗಿ ಹೊರಗೆ ಹೋಗುವುದಿಲ್ಲ. ಹೆಚ್ಚಾದದ್ದನ್ನು ಮೋಟಾರು ಹಾಕಿ ಸಮುದ್ರಕ್ಕೆ ಎತ್ತಿ ಸುರಿಯುತ್ತಾರೆ.”

ಐಮೌಡನ್ ಎಂಬಲ್ಲಿರುವ ಆ ಪಂಪುಗಳೆಲ್ಲ ಒಟ್ಟಿಗೆ ಓಡಿದರೆ ಸೆಕೆಂಡಿಗೆ 2,60,000 ಲೀಟರ್. ನಮ್ಮ ಬೀದಿಗೆ ವಾರಕ್ಕೊಮ್ಮೆ ಬರುವ ಐದು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹೇಳಿದೆ: ಒಂದು ಸಲ ಕಣ್ಣು ಮಿಟುಕಿಸುವಷ್ಟರಲ್ಲಿ ಐವತ್ತೆರಡು ಟ್ಯಾಂಕರ್.

ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಅಷ್ಟು ಸಿಹಿನೀರನ್ನು ಉಪ್ಪಿಗೆ ಸುರಿಯುವ ಪಾಪದ ಲೆಕ್ಕ ಹಾಕುತ್ತಿದ್ದಾಳೆ ಎಂದುಕೊಂಡೆ. ಕೊನೆಗೆ ಮೊಬೈಲ್ ಹಿಂದಕ್ಕೆ ಕೊಡುತ್ತಾ ಕೇಳಿದಳು.

“ಅವರಿಗೆ ತ್ರೀ ಫೇಸ್ ಕರೆಂಟು ಹಗಲು ಹೊತ್ತಿನಲ್ಲೇ ಕೊಡುತ್ತಾರೇನೋ?”