ಮುಂಬೈಗೆ ಕ್ಷಿಪಣಿ ಕವಚ ಹಾಕಿದರೆ ಎದುರಾಳಿ ಏನು ಮಾಡುತ್ತಾನೆ?

2025ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ, ದೇಶದ ಮುಖ್ಯ ಸ್ಥಳಗಳಿಗೆ ವಾಯುದಾಳಿಯಿಂದ ರಕ್ಷಣೆ ಕೊಡುವ ‘ಮಿಷನ್ ಸುದರ್ಶನ ಚಕ್ರ’ ಯೋಜನೆಯ ಘೋಷಣೆಯಾದ ಮೇಲೆ ಮುಂಬೈ-ಪುಣೆ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತಿದೆ: ಇನ್ನು ಮುಂಬೈಗೆ ಭಯವಿಲ್ಲ. ಮಾಟುಂಗಾದಲ್ಲೋ ಡೊಂಬಿವಲಿಯಲ್ಲೋ ಮನೆಮಕ್ಕಳಿರುವವರಿಗೆ ಹಾಗನ್ನಿಸುವುದು ಸಹಜ. ಆದರೆ ಡ್ರೋನ್, ವಿಮಾನ ತಡೆಯುವುದು ಬೇರೆ, ಅಣ್ವಸ್ತ್ರ ಹೊತ್ತ ಬ್ಯಾಲಿಸ್ಟಿಕ್ ಕ್ಷಿಪಣಿ (ರಾಕೆಟ್‌ನಂತೆ ಮೇಲೇರಿ, ಎಸೆದ ಕಲ್ಲಿನಂತೆ ಬಾಗಿ ಬೀಳುವಂಥದ್ದು) ತಡೆಯುವುದು ಬೇರೆ. ಮೊದಲನೆಯದಕ್ಕೆ ಎಷ್ಟು ಖರ್ಚು ಮಾಡಿದರೂ ನನ್ನ ತಕರಾರಿಲ್ಲ. ಹತ್ತರಲ್ಲಿ ಎಂಟನ್ನು ಹೊಡೆದುರುಳಿಸಿದರೆ ಅಷ್ಟು ಜೀವ ಉಳಿಯುತ್ತದೆ. ಎರಡನೆಯದರಲ್ಲಿ ಒಂದು ನುಸುಳಿದರೂ ಊರು ಹೋಯಿತು.

ಕರಾಚಿಯಿಂದ ಮುಂಬೈಗೆ ಹೆಚ್ಚುಕಡಿಮೆ 900 ಕಿ.ಮೀ. ಕ್ಷಿಪಣಿಗೆ ಅದು ಎಂಟು-ಹತ್ತು ನಿಮಿಷದ ದಾರಿ. ಭೂಮಿ ಗುಂಡಗಿರುವುದರಿಂದ ಅದು ಸುಮಾರು 50 ಕಿ.ಮೀ. ಮೇಲೇರುವವರೆಗೆ ಮುಂಬೈಯಲ್ಲಿರುವ ರಾಡಾರ್‌ಗೆ ಕಾಣುವುದೇ ಇಲ್ಲ, ರಾಡಾರ್ ಎಷ್ಟೇ ಶಕ್ತಿಯದ್ದಾಗಿರಲಿ. ವಾತಾವರಣದ ಆಚೆ ಇನ್ನೊಂದು ತೊಡಕಿದೆ. ಅಲ್ಲಿ ಗಾಳಿಯ ತಡೆ ಇಲ್ಲ, ಹಾಗಾಗಿ ನಿಜವಾದ ಸಿಡಿತಲೆಯೂ (ಕ್ಷಿಪಣಿಯ ಬಾಂಬ್ ಭಾಗ) ಅದರ ಜೊತೆ ಬಿಟ್ಟ ಹಗುರ ಬಲೂನೂ ಒಂದೇ ವೇಗದಲ್ಲಿ ಹೋಗುತ್ತವೆ. ಕೆಳಗಿಳಿದು ಗಾಳಿ ತಾಗಿದಾಗ ಬಲೂನು ಹಿಂದೆ ಬೀಳುತ್ತದೆ, ಅಸಲಿ ಯಾವುದೆಂದು ತಿಳಿಯುತ್ತದೆ. ಆದರೆ ಆಗ ಕೈಯಲ್ಲಿ ಉಳಿಯುವುದು ಅರ್ಧ ನಿಮಿಷದ ಆಸುಪಾಸು.

ನಮ್ಮ ವ್ಯವಸ್ಥೆ ಎರಡು ಹಂತದ್ದಾಗಿರುವುದು ಇದಕ್ಕೇ. ಬರುವ ಕ್ಷಿಪಣಿಯನ್ನು ಹೊಡೆಯುವ ತಡೆಕ್ಷಿಪಣಿಗಳು ಎರಡು: 2006ರ ನವೆಂಬರ್‌ನಲ್ಲಿ ಮೇಲಿನ ಹಂತದ ಪಿಎಡಿ ಸುಮಾರು 48 ಕಿ.ಮೀ. ಎತ್ತರದಲ್ಲಿ, 2007ರ ಡಿಸೆಂಬರ್‌ನಲ್ಲಿ ಕೆಳಗಿನ ಹಂತದ ಎಎಡಿ ಸುಮಾರು 15 ಕಿ.ಮೀ. ಎತ್ತರದಲ್ಲಿ ಪರೀಕ್ಷೆಯ ಗುರಿ ಹೊಡೆದವು. ಪುಣೆಯಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪ್ರಯೋಗಾಲಯಗಳಲ್ಲಿ ಘನ ಇಂಧನದ, ಲಾಂಚರ್‌ಗಳ ಕೆಲಸ ಮಾಡುವವರ ಸಾಮರ್ಥ್ಯದ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಕಷ್ಟವಿರುವುದು ಲೆಕ್ಕದಲ್ಲಿ.

ಒಂದು ತಡೆಕ್ಷಿಪಣಿ ನೂರಕ್ಕೆ 80 ಸಲ ಗುರಿ ಮುಟ್ಟುತ್ತದೆ ಅಂದುಕೊಳ್ಳಿ. ಒಂದು ಸಿಡಿತಲೆಗೆ ಎರಡು ಹಾರಿಸಿದರೆ ತಡೆಯುವ ಸಾಧ್ಯತೆ ನೂರಕ್ಕೆ 96. ಹತ್ತು ಸಿಡಿತಲೆ ಒಟ್ಟಿಗೆ ಬಂದರೆ ಎಲ್ಲವನ್ನೂ ತಡೆಯುವ ಸಾಧ್ಯತೆ 66ಕ್ಕೆ ಇಳಿಯುತ್ತದೆ, ಅದೂ ಇಪ್ಪತ್ತು ತಡೆಕ್ಷಿಪಣಿ ಖರ್ಚಾದ ಮೇಲೆ. ಇದು ಎಲ್ಲವೂ ಸರಿಹೋದಾಗಿನ ಲೆಕ್ಕ. ನಿಜದಲ್ಲಿ ಎರಡೂ ತಡೆಕ್ಷಿಪಣಿಗೆ ದಾರಿ ತೋರುವುದು ಅದೇ ರಾಡಾರ್. ಅದು ಮೋಸಹೋದರೆ ಎರಡೂ ಒಟ್ಟಿಗೇ ದಾರಿ ತಪ್ಪುತ್ತವೆ.

ಎದುರಾಳಿಗೂ ಈ ಲೆಕ್ಕ ಗೊತ್ತು. ಅವನು ಒಂದು ಸಿಡಿತಲೆ ಸೇರಿಸಿದರೆ ನಾವು ಎರಡು ತಡೆಕ್ಷಿಪಣಿ ಮಾಡಬೇಕು. 2017ರ ಜನವರಿಯಲ್ಲಿ ಪಾಕಿಸ್ತಾನ ಹಲವು ಸಿಡಿತಲೆ ಹೊರುವ ‘ಅಬಾಬೀಲ್’ ಪರೀಕ್ಷಿಸಿದಾಗ, ಈ ಪ್ರದೇಶದಲ್ಲಿ ಬೆಳೆಯುತ್ತಿರುವ ಕ್ಷಿಪಣಿ ರಕ್ಷಣೆಯನ್ನೇ ಕಾರಣವಾಗಿ ಹೇಳಿತು. 2024ರ ಮಾರ್ಚ್‌ನಲ್ಲಿ ನಾವೂ ಅಗ್ನಿ-5ರಲ್ಲಿ ಅದೇ ತಂತ್ರಜ್ಞಾನ ಪರೀಕ್ಷಿಸಿದೆವು. ನಮ್ಮದು ಅಣ್ವಸ್ತ್ರವನ್ನು ಮೊದಲು ಪ್ರಯೋಗಿಸುವುದಿಲ್ಲ ಎಂಬ ನೀತಿ, ಸರಿ. ಆದರೆ ಅಲ್ಲಿನ ಸೇನಾಧಿಕಾರಿ ನೋಡುವುದು ನೀತಿಯನ್ನಲ್ಲ, ಸಾಮರ್ಥ್ಯವನ್ನು. ಭಾರತ ಮೊದಲು ಹೊಡೆದು, ಅಳಿದುಳಿದದ್ದನ್ನು ಕವಚದಿಂದ ತಡೆದುಕೊಂಡರೆ ಗತಿಯೇನು ಎಂಬ ಭಯ ಹೊಕ್ಕರೆ ಬಿಕ್ಕಟ್ಟಿನಲ್ಲಿ ಅವನ ಕೈ ಬೇಗ ಉಡಾವಣೆಯ ಬಟನ್‌ಗೆ ಹೋಗುತ್ತದೆ. ಎಂಟು ನಿಮಿಷದ ದಾರಿಯಲ್ಲಿ ಇದಕ್ಕಿಂತ ಅಪಾಯ ಬೇರೆ ಇಲ್ಲ.

ಅಮೆರಿಕ, ಸೋವಿಯತ್ ಒಕ್ಕೂಟ 1972ರಲ್ಲಿ ತಡೆಕ್ಷಿಪಣಿಗಳಿಗೆ ಮಿತಿ ಹಾಕುವ ಎಬಿಎಂ ಒಪ್ಪಂದಕ್ಕೆ ಬಂದದ್ದು ಇದೇ ಭಯದಿಂದ. ತಲಾ ಎರಡು ನೆಲೆ, ಒಂದೊಂದರಲ್ಲಿ 100 ತಡೆಕ್ಷಿಪಣಿ. 1974ರಲ್ಲಿ ಅದನ್ನೂ ಒಂದೇ ನೆಲೆಗೆ ಇಳಿಸಿದರು. 2002ರ ಜೂನ್ 13ರಂದು ಅಮೆರಿಕ ಹೊರಬಂತು. ಮರುದಿನವೇ ರಷ್ಯಾ ಸ್ಟಾರ್ಟ್-2ನ್ನು ಕೈಬಿಟ್ಟಿತು. ನೆಲದಿಂದ ಹಾರುವ ಕ್ಷಿಪಣಿಗಳಲ್ಲಿ ಹಲವು ಸಿಡಿತಲೆ ಇಡಬಾರದೆಂದು ಹೇಳಿದ್ದ ಒಪ್ಪಂದ ಅದು. 2018ರಲ್ಲಿ ಪುಟಿನ್ ಅವಾನ್‌ಗಾರ್ಡ್, ಪೊಸೈಡನ್ ಎಂಬ ಹೊಸ ಅಸ್ತ್ರಗಳನ್ನು ತೋರಿಸಿದಾಗಲೂ ಕೊಟ್ಟ ಕಾರಣ ಅಮೆರಿಕದ ಕ್ಷಿಪಣಿ ಕವಚವೇ.

ಭಾರತ-ಪಾಕಿಸ್ತಾನದ ನಡುವೆ ಅಂಥ ಒಪ್ಪಂದವಿಲ್ಲ. ಇರುವುದು 2005ರ ಅಕ್ಟೋಬರ್‌ನ ಮುನ್ಸೂಚನೆ ಒಪ್ಪಂದ: ಬ್ಯಾಲಿಸ್ಟಿಕ್ ಕ್ಷಿಪಣಿ ಪರೀಕ್ಷೆಗೆ ಕನಿಷ್ಠ ಮೂರು ದಿನ ಮೊದಲು ತಿಳಿಸಬೇಕು, ಉಡಾವಣೆ ಗಡಿಯಿಂದ 40 ಕಿ.ಮೀ. ಒಳಗೆ ಇರಬಾರದು. ವಿಮಾನದಂತೆ ಗಾಳಿಯಲ್ಲೇ ಹಾರಿಹೋಗುವ ಕ್ರೂಸ್ ಕ್ಷಿಪಣಿಯೂ ತಡೆಕ್ಷಿಪಣಿಯೂ ಅದರಲ್ಲಿಲ್ಲ. 2022ರ ಮಾರ್ಚ್ 9ರಂದು ನಮ್ಮ ಒಂದು ಕ್ರೂಸ್ ಕ್ಷಿಪಣಿ ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದ ಮಿಯಾನ್ ಚನ್ನೂ ಬಳಿ ಬಿತ್ತು. ಅದರಲ್ಲಿ ಸಿಡಿತಲೆ ಇರಲಿಲ್ಲ, ಬಚಾವಾದೆವು. ಮುಂಬೈಗೆ ಮೊದಲ ತಡೆಕ್ಷಿಪಣಿ ನೆಲೆ ಬರುವ ಮುನ್ನ ಈ ಎರಡು ಬಗೆಯ ಕ್ಷಿಪಣಿಗಳನ್ನೂ 2005ರ ಒಪ್ಪಂದಕ್ಕೆ ಸೇರಿಸಿ ಎಂದು ನಮ್ಮ ನಮ್ಮ ಸಂಸದರನ್ನು ಕೇಳೋಣ. ಸಂಬಂಧ ಎಷ್ಟೇ ಕೆಟ್ಟಿದ್ದರೂ ಎರಡೂ ಕಡೆಯವರು ಸಹಿ ಹಾಕಬಹುದಾದ ಕಾಗದ ಅದು.