ಗೋ ಬ್ಯಾಕ್ ಅಂದರೆ ಯು-ಟರ್ನ್ ಎಲ್ಲಿ ಮಾರಾಯ್ರೇ?

ನಮ್ಮ ಕಾಸರಗೋಡಿನ ಕಡೆಯ ಕಾಲೇಜೊಂದರಲ್ಲಿ ಅತಿಥಿಯ ಭಾಷಣವನ್ನು ಹುಡುಗರು ಘೋಷಣೆ ಕೂಗಿ ನಿಲ್ಲಿಸಿದರಲ್ಲ, ಆ ವಿಡಿಯೊ ನಿಮಗೂ ಬಂದಿರುತ್ತದೆ. ನನಗೆ ಏಳು ಗ್ರೂಪಿನಿಂದ ಬಂತು. ಮೂರರಲ್ಲಿ 'ನಮ್ಮ ಮಕ್ಕಳ ಧೈರ್ಯ ನೋಡಿ' ಅಂತ, ಮೂರರಲ್ಲಿ 'ಈ ಗೂಂಡಾಗಿರಿ ನೋಡಿ' ಅಂತ. ಏಳನೆಯದು ನಮ್ಮ ಕುಟುಂಬದ ಗ್ರೂಪ್, ಅಲ್ಲಿ ಅತ್ತಿಗೆ ಕೈತಪ್ಪಿ ಹಾಕಿ ಆಮೇಲೆ ಡಿಲೀಟ್ ಮಾಡಿದರು. ಹಾಗಾಗಿ ಅತಿಥಿ ಯಾರು, ಕರೆದದ್ದು ಯಾರು, ಬೇಡ ಅಂದದ್ದು ಯಾರು ಅಂತ ನಾನು ಪುನಃ ಹೇಳಬೇಕಾಗಿಲ್ಲ. ಕಾಲೇಜಿನ ಹೆಸರನ್ನೂ ಹೇಳುವುದಿಲ್ಲ. ಅಲ್ಲಿ ನನ್ನ ಇಬ್ಬರು ಹಳೇ ಶಿಷ್ಯರು ಕೆಲಸದಲ್ಲಿದ್ದಾರೆ, ಪಾಪ.

ಆದರೆ ವಿಡಿಯೊದಲ್ಲಿ ಬಾರದ್ದು ಸ್ವಲ್ಪ ಉಂಟು. ಯಾಕೆಂದರೆ ನಾನು ಅಲ್ಲಿದ್ದೆ. ಹಿಂದಿನಿಂದ ಮೂರನೇ ಸಾಲು, ಫ್ಯಾನಿನ ಅಡಿ. ನಿವೃತ್ತ ಕನ್ನಡ ಮಾಷ್ಟ್ರನ್ನು ಇಂಥದ್ದಕ್ಕೆ ಕರೆಯುವುದು ಕುರ್ಚಿ ತುಂಬಲಿಕ್ಕೆ. ಅದು ಕರೆದವರಿಗೂ ಗೊತ್ತು, ನನಗೂ ಗೊತ್ತು. ಹತ್ತು ಗಂಟೆಯ ಕಾರ್ಯಕ್ರಮ ಹನ್ನೊಂದೂಕಾಲಕ್ಕೆ ಶುರುವಾಯಿತು. ಪ್ರಾರ್ಥನೆ ಆಯಿತು, ಸ್ವಾಗತ ಆಯಿತು. ದೀಪ ಹಚ್ಚುವಾಗ ಫ್ಯಾನಿನ ಗಾಳಿಗೆ ಎರಡು ಸಲ ಆರಿತು, ಮೂರನೇ ಸಲ ಫ್ಯಾನ್ ಆಫ್ ಮಾಡಿದರು, ಆಮೇಲೆ ಆನ್ ಮಾಡಲು ಮರೆತರು. ಅತಿಥಿಗಳ ಪರಿಚಯವೇ ಹದಿನೆಂಟು ನಿಮಿಷ. ಕೊನೆಗೆ ಅವರು ಎದ್ದು, ಶಾಲು ಸರಿ ಮಾಡಿಕೊಂಡು, ಮೈಕನ್ನು ಎರಡು ಸಲ ತಟ್ಟಿ "ವೇದಿಕೆಯಲ್ಲಿ ಆಸೀನರಾಗಿರುವ" ಅನ್ನುವಷ್ಟರಲ್ಲಿ ಹಿಂದಿನಿಂದ ಇಂಕ್ವಿಲಾಬ್.

ಅಷ್ಟೇ. ನಾಡನ್ನೇ ಸುಟ್ಟು ಬಿಡಬಹುದಾಗಿದ್ದ ಆ ಭಾಷಣದಲ್ಲಿ ನಾನು ಕೇಳಿದ್ದು ಎರಡು ಶಬ್ದ. ಎರಡೂ ಕುರ್ಚಿಯ ವಿಷಯದ್ದು.

ಆಮೇಲೆ ಗೋ ಬ್ಯಾಕ್, ಗೋ ಬ್ಯಾಕ್. ಈ ಘೋಷಣೆಯ ಬಗ್ಗೆ ನನಗೊಂದು ಸಣ್ಣ ತಕರಾರಿದೆ. 1928ರಲ್ಲಿ ಸೈಮನ್ ಕಮಿಷನ್ ಬಂದಾಗ ಗೋ ಬ್ಯಾಕ್ ಅಂದದ್ದಕ್ಕೆ ಅರ್ಥ ಇತ್ತು, ಅವರು ಹಡಗು ಹತ್ತಿ ಬಂದವರು. ನಮ್ಮ ಅತಿಥಿ ಬಂದದ್ದು ಮಂಗಳೂರಿನಿಂದ. ಐವತ್ತು ಕಿಲೋಮೀಟರೂ ಇಲ್ಲ. ಅದೂ ಹೋಗಲಿ, ಹಿಂದೆ ಹೋಗುವುದು ಹೇಗೆ? ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಷಟ್ಪಥ ಆದ ಮೇಲೆ ಈ ಊರಲ್ಲಿ ಹಿಂದೆ ತಿರುಗುವುದು ಅಷ್ಟು ಸುಲಭವಾ? ಮೊದಲು ಸರ್ವಿಸ್ ರಸ್ತೆ ಹಿಡಿಯಬೇಕು, ಆಮೇಲೆ ಅಂಡರ್‌ಪಾಸ್ ಹುಡುಕಬೇಕು, ಆಮೇಲೆ ನಾವು ಈಗ ಯಾವ ಬದಿಯಲ್ಲಿದ್ದೇವೆ ಅಂತ ಯಾರನ್ನಾದರೂ ಕೇಳಬೇಕು. ಎದುರು ಬದಿಯ ಅಂಗಡಿಗೆ ಹಾಲು ತರಲು ಸ್ಕೂಟರಿನಲ್ಲಿ ಹೋದವ ನಾನು, ಮುಕ್ಕಾಲು ಗಂಟೆ ಬಿಟ್ಟು ಬಂದೆ. "ಹಾಲು ತಂದಿರಾ, ಇಲ್ಲ ದನ ಕರೆದೇ ಬಂದಿರಾ?" ಅಂತ ಹೆಂಡತಿ ಕೇಳಿದಳು. ಹುಡುಗರು ಗೋ ಬ್ಯಾಕ್ ಅಂತ ಕೂಗುವಾಗ ಅತಿಥಿಯ ಡ್ರೈವರ್ ನನ್ನ ಪಕ್ಕದಲ್ಲೇ ನಿಂತಿದ್ದ. ಅವನ ಮುಖದಲ್ಲಿದ್ದದ್ದು ಹೆದರಿಕೆಯಲ್ಲ, ಈ ಅಂಡರ್‌ಪಾಸಿನ ಚಿಂತೆ.

ಅಷ್ಟರಲ್ಲಿ ಯಾರೋ ಮೈಕಿನ ವಯರು ಎಳೆದರು. ಸಭೆಯಲ್ಲಿ ನಿಜವಾಗಿ ಅತ್ತ ಒಬ್ಬನೇ ಮನುಷ್ಯ ಇದ್ದರೆ ಅವ ನಮ್ಮ ಮೈಕ್‌ಸೆಟ್ಟಿನವ. ತುಂಡಾದ ಕಪ್ಪು ವಯರನ್ನು ಸತ್ತ ಹಾವಿನ ಹಾಗೆ ಎರಡು ಬೆರಳಲ್ಲಿ ಹಿಡಿದುಕೊಂಡು ನನ್ನ ಹತ್ತಿರ ಬಂದ.

"ಮಾಷ್ಟ್ರೇ, ಅವರಿಗೆ ಮುರ್ದಾಬಾದ್, ನನಗೆ ಮೂರು ಸಾವಿರ."

"ಪೊಲೀಸಿಗೆ ಹೇಳು ಮಾರಾಯ," ಅಂದೆ.

"ಹೇಗೆ ಹೇಳುವುದು? ಅವರು ಕೂಗುತ್ತಿದ್ದಾರಲ್ಲ, ಆ ಮೆಗಾಫೋನ್ ಕೂಡ ನನ್ನದೇ. ದಿನಕ್ಕೆ ಇನ್ನೂರು ಬಾಡಿಗೆ."

ನಮ್ಮ ಹುಡುಗರನ್ನು ಮಾತ್ರ ಬೈದು ಏನು ಮಾಡುವುದು? ಇಲ್ಲಿನ ಕಾಲೇಜುಗಳು ಸೇರುವುದು ಕಣ್ಣೂರು ವಿಶ್ವವಿದ್ಯಾಲಯಕ್ಕೆ. ಈ ವಿದ್ಯೆಯಲ್ಲಿ ಆ ಮನೆತನ ದೊಡ್ಡದು. 2019ರ ಡಿಸೆಂಬರ್ 28, ಅಲ್ಲೇ ಇಂಡಿಯನ್ ಹಿಸ್ಟರಿ ಕಾಂಗ್ರೆಸ್ಸಿನ ಎಂಬತ್ತನೇ ಅಧಿವೇಶನ, ಉದ್ಘಾಟನೆಗೆ ಬಂದವರು ಕೇರಳದ ಆಗಿನ ರಾಜ್ಯಪಾಲ ಆರಿಫ್ ಮೊಹಮ್ಮದ್ ಖಾನ್. ಇತಿಹಾಸದ ಸಭೆಯಲ್ಲಿ ಅವರು ಪೌರತ್ವ ಕಾಯ್ದೆಯ ವಿಷಯ ಎತ್ತಿದರು, ಪ್ರತಿನಿಧಿಗಳು ಎದ್ದು ನಿಂತರು, ಇತಿಹಾಸಕಾರ ಇರ್ಫಾನ್ ಹಬೀಬರೂ ಎದ್ದರು. ಹಬೀಬರಿಗೆ ಆಗ 88 ವರ್ಷ. ತನ್ನನ್ನು ತಡೆಯಲಿಕ್ಕೇ ಬಂದರು ಅಂತ ರಾಜ್ಯಪಾಲರು. ನಾನು ಹಬೀಬರಿಗಿಂತ ಎಷ್ಟೋ ಚಿಕ್ಕವ, ಪ್ಲಾಸ್ಟಿಕ್ ಕುರ್ಚಿಯಿಂದ ಏಳಬೇಕಾದರೆ ಎರಡೂ ಕೈ ಊರಬೇಕು. ಚರಿತ್ರೆ ಓದಿದರೆ ಮಂಡಿ ಗಟ್ಟಿ ಇರುತ್ತದೋ ಏನೋ. ಅಲ್ಲಿಗೇ ಮುಗಿಯಲಿಲ್ಲ. ಸುಮಾರು ಮೂರು ವರ್ಷ ಬಿಟ್ಟು, 2022ರ ಸೆಪ್ಟೆಂಬರಿನಲ್ಲಿ, ರಾಜ್ಯಪಾಲರು ರಾಜಭವನಕ್ಕೆ ಪತ್ರಕರ್ತರನ್ನು ಕರೆದು ಅದೇ ಗಲಾಟೆಯ ವಿಡಿಯೊ ಹಾಕಿ ತೋರಿಸಿದರು. ಮನೆಗೆ ಬಂದವರನ್ನೆಲ್ಲ ಕೂರಿಸಿ ಮದುವೆಯ ಕ್ಯಾಸೆಟ್ ಹಾಕುತ್ತಿದ್ದರಲ್ಲ ಹಿಂದೆ, ಹಾಗೆ.

ಮತ್ತೆ 2023ರ ಡಿಸೆಂಬರ್. ಎಸ್‌ಎಫ್‌ಐ ಅನ್ನುವ ಎಡಪಂಥದ ವಿದ್ಯಾರ್ಥಿ ಸಂಘದ ಹುಡುಗರ ಕಪ್ಪು ಬಾವುಟ. ಕಲ್ಲಿಕೋಟೆ ವಿಶ್ವವಿದ್ಯಾಲಯದ ಗೆಸ್ಟ್‌ಹೌಸಿನಲ್ಲಿ ರಾಜ್ಯಪಾಲರು ಉಳಿದುಕೊಂಡಾಗ ಹೊರಗೆ ಬ್ಯಾನರು. ಅವರು ಹೇಳಿ ತೆಗೆಸಿದರು, ಇವರು ಇನ್ನೊಂದು ಕಟ್ಟಿದರು. ಮರುದಿನ ಅವರು ಭದ್ರತೆ ಬೇಡ ಅಂತ ಕಲ್ಲಿಕೋಟೆಯ ಪೇಟೆಬೀದಿ ಮಿಠಾಯಿ ತೆರುವಿನಲ್ಲಿ ನಡೆದಾಡಿ ಹಲ್ವ ತಿಂದರು. 2024ರ ಜನವರಿ 27ಕ್ಕೆ ಕೊಲ್ಲಂ ಜಿಲ್ಲೆಯ ನಿಲಮೇಲ್‌ನಲ್ಲಿ ಕಪ್ಪು ಬಾವುಟ ಕಂಡು ಕಾರಿನಿಂದ ಇಳಿದು, ರಸ್ತೆ ಬದಿಯ ಅಂಗಡಿಯ ಮುಂದೆ ಕುರ್ಚಿ ಹಾಕಿ ಕೂತೇ ಬಿಟ್ಟರು. ಪ್ರತಿಭಟನೆಗೆ ಪ್ರತಿಭಟನೆ. ಕೇಸ್ ಹಾಕಿದ ಕಾಗದ ತೋರಿಸಿದ ಮೇಲೆ ಎದ್ದರು. ಅದೇ ದಿನ ದಿಲ್ಲಿಯಿಂದ ಝಡ್ ಪ್ಲಸ್ ಭದ್ರತೆ ಬಂತು. ಇಷ್ಟರಲ್ಲಿ ವಿಶ್ವವಿದ್ಯಾಲಯದ ವಿಷಯ ಎಂತದಿತ್ತು, ಯಾರು ಏನು ಹೇಳಲಿಕ್ಕೆ ಹೊರಟಿದ್ದರು, ನಿಮಗೆ ನೆನಪುಂಟಾ? ನನಗೆ ಹಲ್ವ ನೆನಪುಂಟು.

ಕೇಸರಿ ಶಾಲಿನವರು ಇಷ್ಟು ಓದಿ ನಗುತ್ತಿರಬಹುದು. ನಗಬೇಡಿ. 2017ರ ಫೆಬ್ರವರಿಯಲ್ಲಿ ದಿಲ್ಲಿಯ ರಾಮಜಸ್ ಕಾಲೇಜಿನಲ್ಲಿ ಒಂದು ವಿಚಾರ ಸಂಕಿರಣ. ವಿಷಯ, ಪ್ರತಿಭಟನೆಯ ಸಂಸ್ಕೃತಿಗಳು. ಜೆಎನ್‌ಯುವಿನ ವಿದ್ಯಾರ್ಥಿ ನಾಯಕ ಉಮರ್ ಖಾಲಿದ್‌ನನ್ನು ಕರೆದಿದ್ದಾರೆ ಅಂತ ನಿಮ್ಮ ಎಬಿವಿಪಿ ಪ್ರತಿಭಟಿಸಿತು. ಕಾಲೇಜು ಹೆದರಿ ಕರೆಯನ್ನು ವಾಪಸು ತೆಗೆದುಕೊಂಡಿತು. ಆದರೂ ಮರುದಿನ ಹೊಡೆದಾಟ. ಪ್ರಬಂಧ ಓದುವುದು ತಪ್ಪಿತು, ನೇರ ಪ್ರಾತ್ಯಕ್ಷಿಕೆಯೇ ಆಯಿತು.

ಅಮೆರಿಕದಲ್ಲೂ ಇದೇ ಕತೆ, ದುಡ್ಡು ಮಾತ್ರ ಜಾಸ್ತಿ. ವಾಕ್ ಸ್ವಾತಂತ್ರ್ಯ ಚಳವಳಿ ಅಂತ 1964ರಲ್ಲಿ ಶುರುವಾದದ್ದೇ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ. ಅದೇ ಬರ್ಕ್ಲಿಯಲ್ಲಿ 2017ರ ಫೆಬ್ರವರಿ 1ಕ್ಕೆ ಮೈಲೊ ಯನೋಪೊಲಸ್ ಅನ್ನುವ ಬಲಪಂಥದ ಬಾಯಿಬಡುಕನ ಭಾಷಣ ನಿಲ್ಲಿಸಲು ಬೆಂಕಿ ಹಾಕಿ, ಗಾಜು ಒಡೆದು, ಸುಮಾರು ಒಂದು ಲಕ್ಷ ಡಾಲರ್ ನಷ್ಟ ಮಾಡಿದರು. ಅವನಿಗೆ ಲಾಟರಿ ಹೊಡೆದ ಹಾಗಾಯಿತು. ಅವನ ಹೆಸರು ಕೇಳದವರೂ ಕೇಳಿದರು, ಇನ್ನೂ ಅಚ್ಚಾಗದ ಪುಸ್ತಕಕ್ಕೆ ಬೇಡಿಕೆ ಏರಿತು. ಮೂರು ವಾರವೂ ಆಗಿರಲಿಲ್ಲ, ಅವನೇ ಹಿಂದೆ ಎಲ್ಲೋ ಆಡಿದ ಹೊಲಸು ಮಾತಿನ ವಿಡಿಯೊ ಹೊರಗೆ ಬಂತು, ಪ್ರಕಾಶಕರು ಪುಸ್ತಕ ಕೈಬಿಟ್ಟರು, ಅವನ ಪಾಳಯದವರೇ ಸಮ್ಮೇಳನಕ್ಕೆ ಕೊಟ್ಟ ಕರೆಯನ್ನೂ ಹಿಂದೆ ತೆಗೆದುಕೊಂಡರು. ಬೆಂಕಿ ಮಾಡದ ಕೆಲಸವನ್ನು ಅವನ ಬಾಯಿಯೇ ಮಾಡಿತು.

ನಮ್ಮ ಕಡೆಯವರಿಗೆ ಇದನ್ನು ಅಮೆರಿಕದಿಂದ ಕಲಿಯುವ ಗತಿ ಬಂತಲ್ಲ ಅಂತ ಬೇಸರ. ತಾಳಮದ್ದಳೆಯ ಊರು ಇದು, ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ವರ್ಷದ ಆಟ ಮುಗಿಸಿ ಗೆಜ್ಜೆ ಬಿಚ್ಚಿ, ಮಳೆ ಹಿಡಿದ ಮೇಲೆ ಇಲ್ಲಿನ ಜನರಿಗೆ ಇರುವ ಚಟ ಎಂತದು? ಮತ್ತೊಬ್ಬನ ವಾದ ಕೇಳುವುದು. ವಾಲಿ ವಧೆಯ ದಿನ ನೋಡಬೇಕು. ಕೇಳಲು ಕೂತವರೆಲ್ಲ ರಾಮನ ಭಕ್ತರು, ಕೆಲವರು ಸ್ನಾನ ಮಾಡಿ ಗಂಧ ಹಚ್ಚಿ ಬಂದವರು. ಮರದ ಮರೆಯಿಂದ ಹೊಡೆದವ ಎಂತಹ ದೊರೆ ಅಂತ ವಾಲಿ ಒಂದು ಗಂಟೆ ರಾಮನನ್ನು ಜಾಲಾಡುತ್ತಾನೆ, ಭಕ್ತರು ತೊಡೆ ತಟ್ಟಿ ಭೇಷ್ ಅನ್ನುತ್ತಾರೆ. 'ವಾಲಿ ಗೋ ಬ್ಯಾಕ್ ಟು ಕಿಷ್ಕಿಂಧೆ' ಅಂತ ಯಾರೂ ಕೂಗಿದ್ದನ್ನು ನಾನು ಕೇಳಿಲ್ಲ. ಪಾತ್ರವಾಗಿ ಮಾತಾಡುವ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ರಾವಣನನ್ನು ಕೇಳಲಿಕ್ಕೆ ನನ್ನ ಅಪ್ಪ ತೋಡು ದಾಟಿ, ಸೂಟೆ ಹಿಡಿದುಕೊಂಡು ಹೋಗುತ್ತಿದ್ದರು. ಬೆಳಿಗ್ಗೆ ಬಂದು ಕಾಫಿ ಕುಡಿಯುವಾಗ "ಇವತ್ತು ರಾಮ ಸೋತ ಮಾರಾಯ" ಅಂತ ಹೇಳಿ, ಆಮೇಲೆ ರಾಮನಿಗೇ ಕೈಮುಗಿದು ಮಲಗುತ್ತಿದ್ದರು.

ಹಾಗಂತ ತಾಳಮದ್ದಳೆ ಸ್ವರ್ಗ ಅಂತ ನಾನು ಹೇಳುವುದಿಲ್ಲ. ಅರ್ಥಧಾರಿಗಳು ವೇದಿಕೆಯಲ್ಲಿ ಕಚ್ಚಾಡಿ ಆರು ತಿಂಗಳು ಮಾತು ಬಿಟ್ಟದ್ದೂ ಉಂಟು. ಕೊರೆತ ಜಾಸ್ತಿಯಾದರೆ ನಿಲ್ಲಿಸುವ ಉಪಾಯವೂ ಉಂಟು, ಹಾಡುವ ಭಾಗವತರು ಮುಂದಿನ ಪದ ಎತ್ತಿದರೆ ಆಯಿತು, ಎಂತಹ ರಾವಣನೂ ಬಾಯಿ ಮುಚ್ಚಬೇಕು. ಬೇಕಾದರೆ ಕಾಲೇಜಿಗೂ ಒಬ್ಬ ಭಾಗವತರನ್ನು ನೇಮಿಸಿ. ಆ ಪರಿಚಯ ಭಾಷಣದ ಹದಿನೆಂಟು ನಿಮಿಷ ಮೊದಲು ಉಳಿಯುತ್ತದೆ.

ಇನ್ನು, ಅಡ್ಡಗಟ್ಟುವುದೇ ಕ್ರಾಂತಿ ಅನ್ನುವವರು ಒಮ್ಮೆ ಪೊಟ್ಟನ್ ತೆಯ್ಯಂ ಅನ್ನುವ ದೈವದ ಕೋಲ ನೋಡಿ ಬರಬೇಕು, ದೂರ ಇಲ್ಲ, ನೀಲೇಶ್ವರದ ಕಡೆ ಹೋದರೆ ಆಯಿತು. ಆ ಕತೆಯ ಚಂಡಾಲನೂ ದಾರಿಯಲ್ಲಿ ಅಡ್ಡ ನಿಂತವನೇ, ಅದೂ ಶಂಕರಾಚಾರ್ಯರಿಗೆ. ಆದರೆ ಅವ ಅಡ್ಡ ನಿಂತದ್ದು ಪ್ರಶ್ನೆ ಕೇಳಲಿಕ್ಕೆ. ಉತ್ತರ ಬರುವವರೆಗೆ ಬಿಡಲಿಲ್ಲ. ಅವತ್ತು ಅವನ ಹತ್ತಿರ ಮೆಗಾಫೋನ್ ಇದ್ದಿದ್ದರೆ ನಮಗೆ ತೆಯ್ಯವೂ ಇರುತ್ತಿರಲಿಲ್ಲ, ಪ್ರಶ್ನೆಯೂ ಇರುತ್ತಿರಲಿಲ್ಲ. ಶಂಕರರು ಅಂಡರ್‌ಪಾಸ್ ಹುಡುಕಿಕೊಂಡು ತಮ್ಮ ಊರು ಕಾಲಡಿಗೆ ಹೋಗುತ್ತಿದ್ದರು.

ಸಂಜೆ ಟಿವಿ ಹಾಕಿದೆ. ಅತಿಥಿ ಮೂರು ಚಾನೆಲ್ಲಿನಲ್ಲಿ ಕೂತಿದ್ದಾರೆ. ತನಗೆ ಮಾತಾಡಲು ಬಿಡುತ್ತಿಲ್ಲ ಅಂತ ನಲವತ್ತು ನಿಮಿಷ ಮಾತಾಡಿದರು. ವಿದ್ಯಾರ್ಥಿ ನಾಯಕ ಪಕ್ಕದ ಚೌಕದಲ್ಲಿ, ಹೊಸ ಶರ್ಟು. ಇಬ್ಬರೂ ಚೆನ್ನಾಗಿ ಕಾಣುತ್ತಿದ್ದರು. ಕಾಲೇಜಿನಲ್ಲಿ ಅರವತ್ತು ಜನ ಕೇಳಬೇಕಿದ್ದ ಮಾತನ್ನು ಈಗ ರಾಜ್ಯವೆಲ್ಲ ಕೇಳಿತು. ಅದರಲ್ಲಿ ಕೇಳುವಂಥದ್ದು ಏನೂ ಇರಲಿಲ್ಲ, ಅದು ಬೇರೆ ವಿಷಯ.

ಟಿವಿ ಆಫ್ ಮಾಡುವ ಹೊತ್ತಿಗೆ ಪಕ್ಕದ ಮನೆಯ ಹುಡುಗಿ ನೋಟ್ಸ್ ಹಿಡಿದುಕೊಂಡು ಬಂದಳು. ಹೈಸ್ಕೂಲು, ಕನ್ನಡ ಮಾಧ್ಯಮ. ಪಾಠ ಮಾಡಲು ಬಂದ ಟೀಚರಿಗೆ ಕನ್ನಡ ಬರುವುದಿಲ್ಲ. ಅವರ ತಪ್ಪಲ್ಲ, ಕಳಿಸಿದ ಕಡೆಗೆ ಬಂದಿದ್ದಾರೆ. ಹುಡುಗಿ ಮೂರು ಪುಟ ಬರೆದಿದ್ದಾಳೆ, ಮಲಯಾಳವನ್ನು ಕನ್ನಡ ಅಕ್ಷರದಲ್ಲಿ, ಕಿವಿಗೆ ಬಿದ್ದ ಹಾಗೆ. ಮೇಲೆ ದೊಡ್ಡದಾಗಿ 'ಪ್ರಕಾಶಸಂಶ್ಲೇಷಣಂ' ಅಂತ, ಕೆಳಗೆ ಎರಡು ಗೆರೆ.

"ಇದು ಎಂತ ಮಗಾ?"

"ಗೊತ್ತಿಲ್ಲ ಅಜ್ಜ. ಪರೀಕ್ಷೆಗೆ ಬರ್ತದಂತೆ."

ದ್ಯುತಿಸಂಶ್ಲೇಷಣೆ. ಎಲೆ ಬಿಸಿಲು ತಿಂದು ಅಡುಗೆ ಮಾಡುವುದು. ಕಿಟಕಿಯ ಹೊರಗೆ ಅಡಿಕೆ ತೋಟ ಉಂಟು, ಕೈ ತೋರಿಸಿ ಐದು ನಿಮಿಷದಲ್ಲಿ ಹೇಳಬಹುದಾದ ವಿಷಯ. ಅದನ್ನು ಈ ಹುಡುಗಿ ಒಂದು ವಾರ ಮಂತ್ರದ ಹಾಗೆ ಬರೆದುಕೊಂಡಿದ್ದಾಳೆ. ಅವಳ ಕ್ಲಾಸಿನಲ್ಲಿ ಭಾಷಣಕ್ಕೆ ಯಾರೂ ಅಡ್ಡಿ ಮಾಡುವುದಿಲ್ಲ. ಘೋಷಣೆ ಇಲ್ಲ, ಕಪ್ಪು ಬಾವುಟ ಇಲ್ಲ, ಯಾರೂ ವಯರು ಎಳೆಯುವುದಿಲ್ಲ. ದಿನಾ ಮುಕ್ಕಾಲು ಗಂಟೆ ಮಾತು ಸರಾಗ ನಡೆಯುತ್ತದೆ, ಒಂದಕ್ಷರ ತಲುಪುವುದಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಕೂಗುತ್ತಿದ್ದೇವೆ. ಚಂದ್ರಗಿರಿ ಹೊಳೆಯ ಬಡಗು ಕರ್ನಾಟಕಕ್ಕೆ ಅಂತ 1967ರಲ್ಲಿ ಗಡಿ ಆಯೋಗದ ಮಹಾಜನ್ ವರದಿ ಬಂತು, ಕಪಾಟು ಸೇರಿತು. 2017ರಲ್ಲಿ ಮಲಯಾಳ ಕಡ್ಡಾಯದ ಕಾನೂನು ಬಂದಾಗ ಬಿಸಿಲಲ್ಲಿ ಧರಣಿ ಕೂತೆವು. ಈ ಟೀಚರ್ ವಿಷಯಕ್ಕೂ ಕೂತೆವು, ಮಕ್ಕಳನ್ನೂ ಕೂರಿಸಿಕೊಂಡು. ಟಿವಿಯಲ್ಲಿದ್ದ ಆ ಅತಿಥಿ ಕನ್ನಡದ ಕಟ್ಟಾಳು ಅಂತ ಆಹ್ವಾನ ಪತ್ರಿಕೆಯಲ್ಲಿತ್ತು. ಬರಲಿಲ್ಲ. ಅವರನ್ನು ಓಡಿಸಿದ ಕ್ರಾಂತಿಕಾರಿ ಹುಡುಗರೂ ಬರಲಿಲ್ಲ. ಬೇಸರವಲ್ಲ ಇದು, ಸಾಕಾಗಿ ಹೋಗಿದೆ. ನಿಮ್ಮ ಸ್ವಾತಂತ್ರ್ಯ, ನಿಮ್ಮ ಪ್ರತಿರೋಧ, ಎರಡನ್ನೂ ಕಟ್ಟಿಟ್ಟುಕೊಳ್ಳಿ. ಈ ಮಗುವಿಗೆ ಒಂದು ಎಲೆಯ ಬಗ್ಗೆ ಅರ್ಥವಾಗುವ ಹಾಗೆ ಹೇಳುವವರು ಯಾರಾದರೂ ಇದ್ದರೆ ಬನ್ನಿ.

ಸೋಮವಾರ ಪುನಃ ಧರಣಿ ಇಟ್ಟುಕೊಂಡಿದ್ದೇವೆ. ಮೈಕ್ ಬೇಕಲ್ಲ, ಅವನಿಗೆ ಫೋನ್ ಮಾಡಿದೆ. ಅವ ಹೊಸ ವಯರು ಜೋಡಿಸುತ್ತಿದ್ದನಂತೆ. ಇನ್ನು ಮೇಲೆ ಕಾಲೇಜಿನ ಕಾರ್ಯಕ್ರಮಕ್ಕೆ ಐದು ಸಾವಿರ ಡೆಪಾಸಿಟ್ ಇಲ್ಲದೆ ಕೊಡುವುದಿಲ್ಲ, ಎರಡು ಪಾರ್ಟಿಗೂ ಹೇಳಿಯಾಗಿದೆ ಅಂದ.

"ನಮಗೂ ಡೆಪಾಸಿಟ್ ಉಂಟಾ ಮಾರಾಯ?"

"ಛೆ, ನಿಮಗೆ ಎಂತಕ್ಕೆ ಮಾಷ್ಟ್ರೇ," ಅಂದ. "ನಿಮ್ಮ ವಯರು ಯಾರು ಎಳೀತಾರೆ?"